ಮನೆಯಲ್ಲಿ ವಿದ್ಯುತ್ ಕಾರಿಗೆ ಚಾರ್ಜು ಮಾಡುವ ಏರ್ಪಾಡು

ಕಳೆದ ಕೆಲವು ವರ್ಷಗಳಿಂದ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬರುವ ವಾಹನಗಳಲ್ಲಿ ಹಸಿರು ನಂಬರು ಹಲಗೆಯುಳ್ಳ ವಿದ್ಯುತ್ ಕಾರುಗಳು ಹೆಚ್ಚುತ್ತಿರುವುದನ್ನು ಎಲ್ಲರೂ ಕಂಡಿರಬಹುದು. ಸಭೆಯು ಮುಗಿದ ತರುವಾಯ ಹಳೆಯ ವಿದ್ಯಾರ್ಥಿನಿಯರು ನಮ್ಮ ಬಳಿಗೆ ಬಂದು ಕ್ಷೇಮಸಮಾಚಾರವನ್ನು ಮಾತಾಡುವಾಗ, "ಟೀಚರ್, ನೀವೂ ಅಂಥ ಕಾರನ್ನೇ ಇಟ್ಟುಕೊಂಡಿದ್ದೀರಲ್ಲ, ಮನೆಯಲ್ಲಿ ಚಾರ್ಜು ಮಾಡುವುದಕ್ಕೆ ಏನೇನು ಮಾಡಿಸಬೇಕು?" ಎಂದು ಕೇಳುವುದುಂಟು. ನಿಂತ ಹಾಗೆಯೇ ಇದಕ್ಕೆ ಉತ್ತರ ಹೇಳಿ ಮುಗಿಸುವುದು ಸಾಧ್ಯವಲ್ಲ. ಆದುದರಿಂದ ಈ ಸಂಚಿಕೆಯ ಮೂಲಕ ಆ ವಿಷಯವನ್ನು ಕ್ರಮವಾಗಿ ವಿವರಿಸಲು ಯತ್ನಿಸುತ್ತೇವೆ. ನಾವು ವಿದ್ಯುಚ್ಛಾಸ್ತ್ರದಲ್ಲಿ ಪಂಡಿತರಲ್ಲ. ಆದರೆ ಈ ಏರ್ಪಾಡನ್ನು ಮಾಡಿಸುವಾಗ ಒಂದು ದೊಡ್ಡ ತಪ್ಪಿನ ಅಂಚಿನವರೆಗೂ ಹೋಗಿ ಹಿಂದಿರುಗಿದವರು. ಆ ಸಂಗತಿಯನ್ನು ಮರೆಮಾಡದೆ ಹೇಳುವುದರಿಂದ ಒಬ್ಬಿಬ್ಬರ ಮನೆಯಲ್ಲಾದರೂ ಅಪಾಯವು ತಪ್ಪೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿಯು ಹೊಸದಲ್ಲ. ಶಿವನಸಮುದ್ರದ ಜಲಪಾತದಿಂದ ಹುಟ್ಟಿಸಿದ ಶಕ್ತಿಯು ೧೯೦೨ನೆಯ ಇಸವಿಯಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ತಲಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಉರಿದವು. ವಿದ್ಯುತ್ ಕಾರು ಸಹ ಹೊಸದಲ್ಲ. ೨೦೦೧ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು ಮಾರಾಟಕ್ಕೆ ಬಂದಿತ್ತು; ಅದಕ್ಕೆ ಸೀಸದ ಬ್ಯಾಟರಿಗಳಿದ್ದು, ಮನೆಯ ೧೫ ಆಂಪಿಯರಿನ ಸಾಕೆಟ್ಟಿನಿಂದಲೇ ಚಾರ್ಜು ಮಾಡುತ್ತಿದ್ದರು. ೨೦೧೭ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು. ಹೀಗಿದ್ದರೂ ನಮ್ಮ ಮನೆಗಳೊಳಗಿನ ತಂತಿಗಳು ದೀಪ, ಪಂಖ, ಇಸ್ತ್ರಿಪೆಟ್ಟಿಗೆ ಇವುಗಳನ್ನು ಮನಸ್ಸಿನಲ್ಲಿಟ್ಟು ಎಳೆಯಲ್ಪಟ್ಟವೇ ಹೊರತು, ರಾತ್ರಿಯಿಡೀ ಎಡೆಬಿಡದೆ ಶಕ್ತಿಯನ್ನೆಳೆಯುವ ಕಾರನ್ನು ಮನಸ್ಸಿನಲ್ಲಿಟ್ಟು ಅಲ್ಲ. ಕಷ್ಟವು ಹುಟ್ಟುವುದು ಇಲ್ಲಿಯೇ.

ಮೊದಲು ಲೆಕ್ಕವನ್ನು ನೋಡೋಣ. ಏಳನೆಯ ತರಗತಿಯ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಇದಕ್ಕೆ ಬೇಡ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡವು ೨೩೦ ವೋಲ್ಟ್. ಅದನ್ನು ಹರಿಯುವ ಪ್ರವಾಹದಿಂದ, ಅಂದರೆ ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಕ್ಕುತ್ತದೆ. ೧೬ ಆಂಪಿಯರಿನ ಸಾಕೆಟ್ಟು ಹೆಚ್ಚೆಂದರೆ ೩,೬೮೦ ವಾಟ್ ಕೊಡಬಲ್ಲದು. ಕಾರಿನ ಜೊತೆಯಲ್ಲಿ ಸಾಮಾನ್ಯವಾಗಿ ಬರುವ, ಕೈಯಲ್ಲಿ ಕೊಂಡೊಯ್ಯತಕ್ಕ ಚಾರ್ಜರು ಸುಮಾರು ೩.೩ ಕಿಲೋವಾಟಿನದು, ಎಂದರೆ ೧೪-೧೫ ಆಂಪಿಯರನ್ನು ಎಳೆಯುತ್ತದೆ. ಒಂದು ಕಿಲೋವಾಟ್ ಒಂದು ಗಂಟೆ ಹೊತ್ತು ಹರಿದರೆ ಅದೇ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟು.

ನಮ್ಮ ಕಾರಿನ ಬ್ಯಾಟರಿಯು ೨೪ ಯೂನಿಟ್ಟು ಹಿಡಿಯುವಂಥದ್ದು. ಪೂರ್ತಿ ಬರಿದಾದ ಬ್ಯಾಟರಿಯನ್ನು ೩.೩ ಕಿಲೋವಾಟಿನಿಂದ ತುಂಬಿಸಲು, ನಡುವೆ ಶಾಖವಾಗಿ ನಷ್ಟವಾಗುವುದನ್ನೂ ಸೇರಿಸಿ, ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ಇದನ್ನು ಕೇಳಿ ಕೆಲವರು ಎದೆಗುಂದುತ್ತಾರೆ. ಆದರೆ ದಿನಾಲು ಬ್ಯಾಟರಿಯನ್ನು ಬರಿದುಮಾಡುವವರು ಯಾರು? ಸಣ್ಣ ಕಾರು ಒಂದು ಯೂನಿಟ್ಟಿಗೆ ಸುಮಾರು ಆರೇಳು ಕಿಲೋಮೀಟರು ಓಡುತ್ತದೆ. ಮನೆಯಿಂದ ಕಚೇರಿಗೂ ಅಲ್ಲಿಂದ ಪೇಟೆಗೂ ಹೋಗಿಬರುವುದು ಒಟ್ಟು ೪೦ ಕಿಲೋಮೀಟರೆಂದರೆ ಆರೇಳು ಯೂನಿಟ್ಟು ಖರ್ಚಾಯಿತು. ಅಷ್ಟನ್ನು ತುಂಬಿಸುವುದಕ್ಕೆ ಎರಡೂವರೆ ಗಂಟೆ ಸಾಕು. ಕಾರು ಹೇಗೂ ರಾತ್ರಿ ಹತ್ತು ಗಂಟೆ ಹೊತ್ತು ಅಂಗಳದಲ್ಲಿ ನಿಂತೇ ಇರುವುದಷ್ಟೆ. ಆದಕಾರಣ ಬಹಳ ಮಂದಿಗೆ ಬೇಕಾದದ್ದು ವೇಗವಲ್ಲ, ಭದ್ರತೆ. ಈ ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡರೆ ಬೇಡದ ಖರ್ಚುಗಳು ಅನೇಕ ತಪ್ಪುತ್ತವೆ.

ಅಂಗಡಿಗಳಲ್ಲಿ ಗೋಡೆಗೆ ಹಾಕುವ ೭.೨ ಕಿಲೋವಾಟಿನ ಚಾರ್ಜರುಗಳನ್ನೂ, ಮೂರು ಫೇಸಿನ ೧೧ ಕಿಲೋವಾಟಿನವುಗಳನ್ನೂ ತೋರಿಸುತ್ತಾರೆ. ಕೊಳ್ಳುವುದಕ್ಕೆ ಮುಂಚೆ ಒಂದು ಸಂಗತಿಯನ್ನು ತಿಳಿಯತಕ್ಕದ್ದು. ಮನೆಗೆ ಬರುವುದು ಎ.ಸಿ. ವಿದ್ಯುತ್ತು, ಬ್ಯಾಟರಿಯು ಸ್ವೀಕರಿಸುವುದು ಡಿ.ಸಿ. ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾರ್ಪಡಿಸುವ ಯಂತ್ರವು ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿಲ್ಲ, ಕಾರಿನ ಹೊಟ್ಟೆಯೊಳಗೇ ಇದೆ. ಗೋಡೆಯ ಪೆಟ್ಟಿಗೆಯು ದ್ವಾರಪಾಲಕನಂತೆ. ಎಲ್ಲವೂ ಸರಿಯಾಗಿದ್ದರೆ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಕಾರಿನೊಳಗಣ ಯಂತ್ರದ ಶಕ್ತಿಯು ೩.೩ ಕಿಲೋವಾಟಾಗಿದ್ದರೆ, ಗೋಡೆಯ ಮೇಲೆ ೧೧ ಕಿಲೋವಾಟಿನ ಪೆಟ್ಟಿಗೆಯನ್ನು ಹಾಕಿದರೂ ಕಾರು ಒಂದು ನಿಮಿಷ ಬೇಗ ತುಂಬುವುದಿಲ್ಲ. ಕಾರಿನ ಸಂಗಡ ಕೊಡುವ ಪುಸ್ತಕದಲ್ಲಿ ಈ ಸಂಖ್ಯೆಯು ಬರೆದಿರುತ್ತದೆ. ಅದನ್ನು ಓದಿದ ಮೇಲೆಯೇ ಅಂಗಡಿಯ ಮೆಟ್ಟಲು ಹತ್ತುವುದು ಒಳ್ಳೇದು.

ಇನ್ನು ಮನೆಯ ಸಂಗತಿ. ಪ್ರತಿಯೊಂದು ಮನೆಗೂ ವಿದ್ಯುತ್ ಕಂಪನಿಯವರು ಮಂಜೂರು ಮಾಡಿದ ಲೋಡ್ ಇಷ್ಟು ಕಿಲೋವಾಟೆಂದು ಇರುತ್ತದೆ. ಅದು ತಿಂಗಳ ಬಿಲ್ಲಿನಲ್ಲಿಯೇ ಅಚ್ಚಾಗಿರುತ್ತದೆ. ಮೂರು ಕಿಲೋವಾಟ್ ಮಂಜೂರಾದ ಮನೆಯಲ್ಲಿ ಬೆಳಿಗ್ಗೆ ಐದು ಗಂಟೆಗೆ ಎರಡು ಕಿಲೋವಾಟಿನ ನೀರು ಕಾಯಿಸುವ ಗೀಸರೂ, ೩.೩ ಕಿಲೋವಾಟಿನ ಕಾರಿನ ಚಾರ್ಜರೂ, ಬಾವಿಯ ಪಂಪೂ ಏಕಕಾಲದಲ್ಲಿ ಓಡಿದರೆ ಏನಾದೀತು? ಆದುದರಿಂದ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್ ಇವುಗಳಲ್ಲಿ ನಿಮ್ಮ ಊರಿಗೆ ಯಾವುದು ಸೇರಿದೆಯೋ ಆ ಕಚೇರಿಗೆ ಅರ್ಜಿಯನ್ನು ಕೊಟ್ಟು ಲೋಡನ್ನು ಹೆಚ್ಚಿಸಿಕೊಳ್ಳತಕ್ಕದ್ದು. ಮನೆಯ ಈಗಿನ ಸಂಪರ್ಕದಿಂದಲೇ ಕಾರಿಗೆ ಚಾರ್ಜು ಮಾಡಿಕೊಳ್ಳಬಹುದೆಂದು ಕೇಂದ್ರ ವಿದ್ಯುತ್ ಮಂತ್ರಾಲಯದವರು ೨೦೨೨ರ ಜನವರಿಯ ಮಾರ್ಗಸೂಚಿಗಳಲ್ಲಿ ಸ್ಪಷ್ಟಪಡಿಸಿದ್ದಾರೆ. ಬೇರೆ ಮೀಟರೇ ಬೇಕೆಂದರೆ, ೨೦೨೪ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ ಕಾರಿಗಾಗಿಯೇ ಪ್ರತ್ಯೇಕ ಸಂಪರ್ಕವನ್ನು ಕೇಳುವ ಹಕ್ಕು ನಿಮಗುಂಟು. ಹೊಸ ಸಂಪರ್ಕವನ್ನು ಕೊಡಬೇಕಾದ ಅವಧಿಯನ್ನು ಅದೇ ತಿದ್ದುಪಡಿಯು ಮಹಾನಗರಗಳಲ್ಲಿ ಮೂರು ದಿನಗಳಿಗೂ, ಇತರ ಪಟ್ಟಣಗಳಲ್ಲಿ ಏಳು ದಿನಗಳಿಗೂ, ಹಳ್ಳಿಗಳಲ್ಲಿ ಹದಿನೈದು ದಿನಗಳಿಗೂ ಇಳಿಸಿತು. ಗುಡ್ಡಗಾಡಿನ ಹಳ್ಳಿಗಳಿಗೆ ಮಾತ್ರ ಮೂವತ್ತು ದಿನ.

ಆಮೇಲೆ ತಂತಿ. ಕಾರಿನ ಸಾಕೆಟ್ಟಿಗೆ ಮೈನ್ ಬೋರ್ಡಿನಿಂದ ನೇರವಾಗಿ ಬೇರೊಂದು ತಂತಿಯನ್ನೇ ಎಳೆಸಬೇಕು. ಗೀಸರಿಗೋ ಪಂಪಿಗೋ ಹೋಗುವ ತಂತಿಯಿಂದ ಕವಲು ತೆಗೆಯಬಾರದು. ೧೬ ಆಂಪಿಯರಿನ ಸಾಕೆಟ್ಟಿಗೆ ೪ ಚದರ ಮಿಲ್ಲಿಮೀಟರಿನ ತಾಮ್ರದ ತಂತಿಯೂ ೨೦ ಆಂಪಿಯರಿನ ಎಂ.ಸಿ.ಬಿ.ಯೂ ಸಾಮಾನ್ಯವಾಗಿ ಯೋಗ್ಯವಾದವು. ೭.೨ ಕಿಲೋವಾಟಿನ ಚಾರ್ಜರು ೩೨ ಆಂಪಿಯರ್ ಎಳೆಯುವುದರಿಂದ ೬ ಚದರ ಮಿಲ್ಲಿಮೀಟರಿಗೆ ಕಡಿಮೆಯಾಗದ ತಂತಿಯೂ ೪೦ ಆಂಪಿಯರಿನ ಎಂ.ಸಿ.ಬಿ.ಯೂ ಬೇಕು. ದೂರವು ಹೆಚ್ಚಾಗಿದ್ದರೆ ಅಥವಾ ತಂತಿಯು ಗೋಡೆಯೊಳಗಿನ ಕೊಳವೆಯಲ್ಲಿ ಹೋಗುವುದಾದರೆ ೧೦ ಚದರ ಮಿಲ್ಲಿಮೀಟರಿನದನ್ನೇ ಹಾಕಿಸುವುದು ಕ್ಷೇಮ. ಇಸ್ತ್ರಿಪೆಟ್ಟಿಗೆಯು ಹತ್ತು ನಿಮಿಷದಲ್ಲಿ ತನ್ನ ಕೆಲಸವನ್ನು ಮುಗಿಸಿ ತಣ್ಣಗಾಗುತ್ತದೆ. ಕಾರು ಹಾಗಲ್ಲ, ಗಂಟೆಗಟ್ಟಲೆ ಎಳೆಯುತ್ತಲೇ ಇರುತ್ತದೆ. ಸಾಕೆಟ್ಟಿನೊಳಗೆ ಒಂದು ತಿರುಪು ಸಡಿಲವಾಗಿದ್ದರೂ ಸಾಕು, ಆ ಸ್ಥಳವು ಕಾದು ಕಾದು, ಪ್ಲಾಸ್ಟಿಕ್ಕು ಕಂದಿ ಕರಗಿ, ಎಲ್ಲರೂ ನಿದ್ರೆಯಲ್ಲಿರುವಾಗ ಬೆಂಕಿಗೆ ಕಾರಣವಾಗಬಹುದು. ಎಕ್ಸ್‌ಟೆನ್ಶನ್ ಬಾಕ್ಸನ್ನು ಕಿಟಕಿಯಿಂದ ಹೊರಗೆ ಎಳೆದು ಕಾರಿಗೆ ಸಿಕ್ಕಿಸುವ ಪದ್ಧತಿಯನ್ನು ಈ ಕಾರಣದಿಂದಲೇ ಸಂಪೂರ್ಣವಾಗಿ ಬಿಡತಕ್ಕದ್ದು. ಮನೆಯ ಯು.ಪಿ.ಎಸ್.ಗೆ ಸೇರಿದ ತಂತಿಗೂ ಕಾರಿನ ಸಾಕೆಟ್ಟನ್ನು ಜೋಡಿಸಬಾರದು. ಅದು ಹೊರಲಾರದ ಹೊರೆ.

ಈಗ ನಮ್ಮ ಸ್ವಂತ ಅನುಭವಕ್ಕೆ ಬರುತ್ತೇವೆ. ನಾವು ವಾಸವಾಗಿರುವುದು ಶಾಲೆಯ ಆವರಣದಲ್ಲಿರುವ ಹಳೆಯ ಮಿಶನ್ ಬಂಗಲೆ. ಕಾರು ಬಂದ ದಿನ ಸಂಜೆ ಪೋರ್ಟಿಕೋದಲ್ಲಿದ್ದ ಸಾಕೆಟ್ಟಿಗೆ ಚಾರ್ಜರನ್ನು ಸಿಕ್ಕಿಸಿದೆವು. ಅದರ ಮೇಲೆ ಕೆಂಪು ದೀಪ ಹತ್ತಿತು. ಕಾರು ಒಂದು ಹನಿ ವಿದ್ಯುತ್ತನ್ನೂ ಸ್ವೀಕರಿಸಲಿಲ್ಲ. ಅದೇ ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆಯು ಚೆನ್ನಾಗಿ ಕಾಯುತ್ತಿತ್ತು. ಆದಕಾರಣ ದೋಷವು ಚಾರ್ಜರಿನದೇ ಎಂದು ತೀರ್ಮಾನಿಸಿ, ಹೊಸ ವಸ್ತುವು ಮೊದಲ ದಿನವೇ ಕೆಟ್ಟಿತೆಂದು ಬೇಸರಪಟ್ಟುಕೊಂಡೆವು. ಮರುದಿನ ಕರೆಸಿದ ವಯರಿಂಗ್ ಕೆಲಸದವರು ಬಂದು ನೋಡಿ, "ಅಮ್ಮಾ, ಇದಕ್ಕೆ ಅರ್ಥಿಂಗ್ ಬೇಕಂತೆ, ನಿಮ್ಮ ಮನೆಯಲ್ಲಿ ಸಿಕ್ಕುತ್ತಿಲ್ಲ. ಚಿಂತೆಯಿಲ್ಲ, ಸಾಕೆಟ್ಟಿನೊಳಗೆ ನ್ಯೂಟ್ರಲಿಗೂ ಅರ್ಥಿಗೂ ಒಂದು ಚಿಕ್ಕ ತಂತಿ ಸೇರಿಸಿದರೆ ಐದು ನಿಮಿಷದಲ್ಲಿ ಕೆಲಸವಾಗುತ್ತದೆ. ಎಷ್ಟೋ ಕಡೆ ಹಾಗೆಯೇ ಮಾಡಿಕೊಟ್ಟಿದ್ದೇನೆ" ಎಂದರು. ನಮಗೆ ಸಂತೋಷವೇ ಆಯಿತು. ಒಪ್ಪಿಗೆಯನ್ನೂ ಕೊಟ್ಟೆವು.

ಆ ಹೊತ್ತಿಗೆ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಹಾಜರಿಯ ಪುಸ್ತಕಗಳನ್ನು ತೆಗೆದುಕೊಂಡು ಬಂಗಲೆಗೆ ಬಂದವರು ಈ ಮಾತನ್ನು ಕೇಳಿ, "ಮೇಡಂ, ದಯವಿಟ್ಟು ಇದನ್ನು ಮಾಡಿಸಬೇಡಿರಿ" ಎಂದು ತಡೆದರು. ನಮಗಿಂತ ಬಹಳ ಚಿಕ್ಕವರಾದ ಆಕೆಯು ಹಾಗೆ ತಡೆದದ್ದು ಆ ಕ್ಷಣದಲ್ಲಿ ನಮಗೆ ಅಷ್ಟು ಹಿತವಾಗಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ಆಕೆಯು ಒಂದು ಕಾಗದದ ಮೇಲೆ ಮೂರು ಗೆರೆಗಳನ್ನು ಬರೆದು ತಿಳಿಸಿದ್ದನ್ನು ನಮ್ಮ ಮಾತುಗಳಲ್ಲಿ ಇಲ್ಲಿ ಹೇಳುತ್ತೇವೆ.

ಸಾಕೆಟ್ಟಿಗೆ ಮೂರು ತಂತಿಗಳು ಬರುತ್ತವೆ. ಫೇಸ್ ತಂತಿಯಿಂದ ಪ್ರವಾಹವು ಬರುತ್ತದೆ. ನ್ಯೂಟ್ರಲ್ ತಂತಿಯಿಂದ ಹಿಂದಿರುಗುತ್ತದೆ. ಮೂರನೆಯದಾದ ಅರ್ಥಿಂಗ್ ತಂತಿಯು, ಅಂದರೆ ಭೂಸಂಪರ್ಕದ ತಂತಿಯು, ಸಾಧಾರಣ ದಿನಗಳಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಕಾರು ರಬ್ಬರಿನ ಚಕ್ರಗಳ ಮೇಲೆ ನಿಂತಿರುವುದರಿಂದ ಅದರ ಲೋಹದ ಮೈಗೂ ನೆಲಕ್ಕೂ ಸಂಬಂಧವಿಲ್ಲ. ಎಂದಾದರೊಂದು ದಿನ ಒಳಗಿನ ತಂತಿಯ ಹೊದಿಕೆ ಸವೆದು ವಿದ್ಯುತ್ತು ಕಾರಿನ ಮೈಗೆ ತಗಲಿದರೆ, ಭೂಸಂಪರ್ಕವು ಅದನ್ನು ಸುಲಭವಾದ ದಾರಿಯಲ್ಲಿ ಸಾಗಿಸಿ, ಬೋರ್ಡಿನಲ್ಲಿರುವ ರಕ್ಷಣೆಯ ಸ್ವಿಚ್ಚು ಕೂಡಲೇ ಬೀಳುವಂತೆ ಮಾಡುತ್ತದೆ. ಆ ತಂತಿಯಿಲ್ಲದಿದ್ದರೆ ವಿದ್ಯುತ್ತು ಕಾರಿನ ಮೈಮೇಲೆಯೇ ಕಾದುಕೊಂಡಿದ್ದು, ಮೊದಲು ಮುಟ್ಟಿದವರ ದೇಹದ ಮೂಲಕ ನೆಲಕ್ಕೆ ಇಳಿಯುತ್ತದೆ. ಇದನ್ನು ತಿಳಿದೇ ಅನೇಕ ಚಾರ್ಜರುಗಳನ್ನು, ಭೂಸಂಪರ್ಕವು ಉಂಟೋ ಇಲ್ಲವೋ ಎಂದು ಮೊದಲು ಪರೀಕ್ಷಿಸಿ, ಇಲ್ಲವಾದರೆ ಕೆಲಸಮಾಡಲೊಲ್ಲದಂತೆ ಕಟ್ಟಿರುತ್ತಾರೆ. ನಾವು ದೋಷವೆಂದು ಬೇಸರಪಟ್ಟುಕೊಂಡ ಆ ಕೆಂಪು ದೀಪವು ನಿಜವನ್ನೇ ಹೇಳುತ್ತಿತ್ತು.

ಸಾಕೆಟ್ಟಿನೊಳಗೆ ನ್ಯೂಟ್ರಲನ್ನೂ ಅರ್ಥಿಂಗನ್ನೂ ಜೋಡಿಸಿದರೆ ಚಾರ್ಜರು ಮೋಸಹೋಗಿ ಹಸಿರು ದೀಪವನ್ನು ತೋರಿಸುತ್ತದೆ. ಆದರೆ ಆಗ ಕಾರಿನ ಮೈಯು ನ್ಯೂಟ್ರಲಿಗೆ ಅಂಟಿಕೊಂಡಂತಾಯಿತು. ಹಿಂದೆ ಎಲ್ಲಿಯಾದರೂ, ಕಂಬದ ಬಳಿಯಲ್ಲಾಗಲಿ ಮೀಟರಿನ ಬಳಿಯಲ್ಲಾಗಲಿ, ನ್ಯೂಟ್ರಲ್ ತಂತಿಯು ಕಡಿದರೆ, ಮನೆಯ ದೀಪ ಪಂಖಗಳ ಮೂಲಕ ಹಾದುಬರುವ ವಿದ್ಯುತ್ತು ನೇರವಾಗಿ ಕಾರಿನ ಮೈಗೆ ಏರುತ್ತದೆ. ಹಳೆಯ ಮನೆಗಳಲ್ಲಿ ಫೇಸೂ ನ್ಯೂಟ್ರಲೂ ಅದಲುಬದಲಾಗಿರುವುದುಂಟು; ಹಾಗಿದ್ದರೆ ಯಾವ ತಂತಿಯೂ ಕಡಿಯಬೇಕಾಗಿಲ್ಲ, ಸಿಕ್ಕಿಸಿದ ಕ್ಷಣದಿಂದಲೇ ಕಾರಿನ ಮೈಯೆಲ್ಲಾ ೨೩೦ ವೋಲ್ಟ್. ನ್ಯೂಟ್ರಲನ್ನು ಭೂಮಿಗೆ ಸೇರಿಸುವುದು ವಿದ್ಯುತ್ ಕಂಪನಿಯವರು ತಮ್ಮ ಕಡೆಯಲ್ಲಿ ನೋಡಿಕೊಳ್ಳತಕ್ಕ ಕೆಲಸವೇ ಹೊರತು, ನಮ್ಮ ಮನೆಯ ಸಾಕೆಟ್ಟಿನೊಳಗೆ ನಡೆಯತಕ್ಕದ್ದಲ್ಲ.

ಉಪಾಧ್ಯಾಯಿನಿಯವರು ಇಷ್ಟನ್ನು ಹೇಳಿ ಸುಮ್ಮನಾದರು. ಪೋರ್ಟಿಕೋದ ಕಡೆಗೆ ನೋಡಿದೆವು. ಮಳೆ ಬಂದು ನೆಲ ತೇವವಾಗಿತ್ತು. ವಸತಿಗೃಹದ ಚಿಕ್ಕ ಹುಡುಗಿಯರು ನಾಲ್ಕೈದು ಮಂದಿ ಬರಿಗಾಲಿನಲ್ಲಿ ಬಂದು, ಹೊಸ ಕಾರಿನ ಬಾಗಿಲಿಗೆ ಕೈಯಿಟ್ಟು, ಅದರ ಹೊಳಪಿನಲ್ಲಿ ತಮ್ಮ ಮುಖಗಳನ್ನು ನೋಡಿ ನಗುತ್ತಿದ್ದರು. ಆ ನೋಟವನ್ನು ನಾವು ಇಂದಿಗೂ ಮರೆತಿಲ್ಲ. ಐದು ನಿಮಿಷದ ಆ ಕೆಲಸವು ಅಲ್ಲಿಗೇ ನಿಂತಿತು.

ಅನಂತರ ಸರಕಾರದ ವಿದ್ಯುತ್ ಪರಿವೀಕ್ಷಣಾಲಯದಿಂದ ಲೈಸೆನ್ಸು ಪಡೆದ ಗುತ್ತಿಗೆದಾರರೊಬ್ಬರನ್ನು ಕರೆಸಿ ಬಂಗಲೆಯ ತಂತಿಗಳನ್ನೆಲ್ಲಾ ಪರೀಕ್ಷಿಸಿದೆವು. ಹಳೆಯ ಅರ್ಥಿಂಗ್ ತಂತಿಯು ಗೋಡೆಯುದ್ದಕ್ಕೂ ಇಳಿದು ಕ್ರೋಟನ್ ಗಿಡಗಳ ಹಿಂದೆ ಮಣ್ಣಿನೊಳಗೆ ಹೋಗುತ್ತಿತ್ತು. ಪ್ರತಿ ವರ್ಷವೂ ಗೋಡೆಯ ಜೊತೆಯಲ್ಲಿ ಅದಕ್ಕೂ ಸುಣ್ಣ ಬಳಿಯುತ್ತಿದ್ದೆವು. ಗಿಡಗಳನ್ನು ಸರಿಸಿ ನೋಡಿದರೆ, ನೆಲಕ್ಕೆ ಒಂದು ಗೇಣು ಮೇಲೆಯೇ ತುಕ್ಕು ಹಿಡಿದು ತುಂಡಾಗಿತ್ತು. ಎಷ್ಟು ಕಾಲದಿಂದ ಹಾಗಿತ್ತೋ ದೇವರೇ ಬಲ್ಲನು. ಅಷ್ಟು ಕಾಲವೂ ಆ ಮನೆಯ ಗೀಸರು, ಶೀತಲ ಪೆಟ್ಟಿಗೆ, ಇಸ್ತ್ರಿಪೆಟ್ಟಿಗೆ ಎಲ್ಲವೂ ರಕ್ಷಣೆಯಿಲ್ಲದೆ ನಡೆಯುತ್ತಿದ್ದವು. ಅವುಗಳಲ್ಲಿ ಯಾವುದೂ ಬಾಯಿ ತೆರೆದು ಹೇಳಲಿಲ್ಲ, ಕಾರಿನ ಚಾರ್ಜರು ಮಾತ್ರ ಹೇಳಿತು.

ಗುತ್ತಿಗೆದಾರರು ಗೋಡೆಯಿಂದ ಒಂದೂವರೆ ಮೀಟರಿಗಿಂತ ದೂರದಲ್ಲಿ ಕುಳಿ ತೋಡಿಸಿ, ಎರಡೂವರೆ ಮೀಟರು ಉದ್ದದ ಜಿ.ಐ. ಪೈಪನ್ನು ಇಳಿಸಿ, ಸುತ್ತಲೂ ಇದ್ದಿಲು ಉಪ್ಪುಗಳನ್ನು ತುಂಬಿಸಿ, ಮೇಲೆ ಮುಚ್ಚಳವುಳ್ಳ ಚಿಕ್ಕ ತೊಟ್ಟಿಯನ್ನು ಕಟ್ಟಿಸಿದರು. ಬಳಿಕ ಅರ್ಥ್ ಟೆಸ್ಟರೆಂಬ ಯಂತ್ರದಿಂದ ಅಳತೆಮಾಡಿ, ಓಮ್ ಎಂಬ ಮಾನದಲ್ಲಿ ಬಂದ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಟ್ಟರು. ಐದು ಓಮಿಗಿಂತ ಕಡಿಮೆಯಿದ್ದರೆ ಮನೆಗೆ ಒಳ್ಳೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಕುಳಿ ತೋಡಿದ್ದನ್ನು ಕಂಡೇ ತೃಪ್ತರಾಗದೆ, ಈ ಸಂಖ್ಯೆಯನ್ನು ಬರೆದುಕೊಡಿರೆಂದು ಕೇಳುವುದನ್ನು ಮರೆಯಬಾರದು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಸಂಪರ್ಕವು ಕುಂದುವುದರಿಂದ ವಾರಕ್ಕೊಮ್ಮೆ ಆ ತೊಟ್ಟಿಗೆ ಒಂದು ಬಿಂದಿಗೆ ನೀರನ್ನು ಹೊಯ್ಯಬೇಕು. ನಮ್ಮಲ್ಲಿ ಶನಿವಾರದ ದಿನ ಹೂಗಿಡಗಳಿಗೆ ನೀರು ಹಾಕುವ ಹುಡುಗಿಯರೇ ಇದನ್ನೂ ಮಾಡುತ್ತಾರೆ. ಯಾಕೆ ಮಾಡುತ್ತೇವೆಂಬುದನ್ನೂ ಅವರು ಬಲ್ಲರು.

ಭೂಸಂಪರ್ಕದ ಜೊತೆಯಲ್ಲಿ ಇರಬೇಕಾದ ಇನ್ನೊಂದು ಕಾವಲು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸಮವೋ ಎಂದು ಅದು ಎಡೆಬಿಡದೆ ತೂಗಿ ನೋಡುತ್ತಿರುತ್ತದೆ. ೩೦ ಮಿಲ್ಲಿಆಂಪಿಯರಿನಷ್ಟು, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು ವ್ಯತ್ಯಾಸ ಕಂಡರೂ ಸೆಕೆಂಡಿನ ಅಲ್ಪಭಾಗದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಎಂ.ಸಿ.ಬಿ.ಯು ತಂತಿಯನ್ನು ಕಾಯುತ್ತದೆ. ಇದು ಮನುಷ್ಯರನ್ನು ಕಾಯುತ್ತದೆ. ಕಾರಿನ ಚಾರ್ಜರಿಗೆ ಎ.ಸಿ. ವರ್ಗದ ಆರ್.ಸಿ.ಸಿ.ಬಿ. ಸಾಲದು, ಯಾಕಂದರೆ ಕಾರಿನ ಕಡೆಯಿಂದ ಡಿ.ಸಿ. ಪ್ರವಾಹವೇನಾದರೂ ಸೋರಿದರೆ ಅದು ಕುರುಡಾಗುತ್ತದೆ. ಗೋಡೆಯ ಚಾರ್ಜರಿನೊಳಗೆ ೬ ಮಿಲ್ಲಿಆಂಪಿಯರಿನ ಡಿ.ಸಿ. ಸೋರಿಕೆಯನ್ನು ಪತ್ತೆಹಚ್ಚುವ ಏರ್ಪಾಡು ಇದ್ದರೆ ಎ ವರ್ಗದ್ದು ಸಾಕು. ಇಲ್ಲದಿದ್ದರೆ ಬಿ ವರ್ಗದ್ದು ಬೇಕು. ಸಿಡಿಲಿನ ಕಾಟವಿರುವ ಕರಾವಳಿ ಮಲೆನಾಡುಗಳಲ್ಲಿ ಸರ್ಜ್ ತಡೆಯುವ ಸಾಧನವನ್ನೂ ಬೋರ್ಡಿನಲ್ಲಿ ಹಾಕಿಸುವುದು ಉತ್ತಮ.

ಅಪಾರ್ಟ್‌ಮೆಂಟುಗಳಲ್ಲಿರುವ ನಮ್ಮ ವಿದ್ಯಾರ್ಥಿನಿಯರಿಗೆ ಒಂದು ಮಾತು. ಕಾರು ನಿಲ್ಲುವ ಸ್ಥಳವೊಂದು ಕಡೆ, ಮೀಟರು ಇನ್ನೊಂದು ಕಡೆ ಇರುವುದರಿಂದ ತಂತಿಯ ದಾರಿಯೂ ಅದರ ಉದ್ದವೂ ಮೊದಲೇ ಗೊತ್ತಾಗಬೇಕು. ನಿವಾಸಿಗಳ ಸಂಘಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಲೈಸೆನ್ಸುಳ್ಳ ಗುತ್ತಿಗೆದಾರರ ನಕ್ಷೆಯನ್ನು ಜೊತೆಗಿಟ್ಟರೆ ಅನೇಕ ವಾದಗಳು ಹುಟ್ಟದೆಯೇ ಹೋಗುತ್ತವೆ. ಸಂಘದವರ ಭಯವನ್ನು ಹಟವೆಂದು ತಿಳಿಯಬೇಡಿರಿ. ಬೆಂಕಿಯ ಭಯವು ನ್ಯಾಯವಾದದ್ದೇ. ಆ ಭಯಕ್ಕೆ ಸರಿಯಾದ ಉತ್ತರವೆಂದರೆ ಸರಿಯಾಗಿ ಮಾಡಿದ ಕೆಲಸ.

ಏರ್ಪಾಡೆಲ್ಲಾ ಮುಗಿದ ಮೇಲೆ ದಿನಚರಿಯು ಸುಲಭ. ಸಾಕೆಟ್ಟು ಮಳೆಯ ಎರಚಲು ತಗಲದ, ನೀರು ನಿಲ್ಲದ ಎತ್ತರದಲ್ಲಿರಲಿ. ತಿಂಗಳಿಗೊಮ್ಮೆ, ಚಾರ್ಜು ಆಗುತ್ತಿರುವಾಗ ಒಂದು ಗಂಟೆಯ ಮೇಲೆ ಪ್ಲಗ್ಗಿನ ಹೊರಮೈಗೆ ಕೈಯ ಹಿಂಭಾಗವನ್ನು ತಾಗಿಸಿ ನೋಡಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈಯಿಡಲಾರದಷ್ಟು ಬಿಸಿಯಾಗಿದ್ದರೆ ಕೂಡಲೇ ಮೈನನ್ನು ಆರಿಸಿ ಕೆಲಸದವರನ್ನು ಕರೆಸಿರಿ. ಆರ್.ಸಿ.ಸಿ.ಬಿ.ಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿರಿ. ಒತ್ತಿದ ಕೂಡಲೇ ಅದು ಬೀಳಬೇಕು. ಮನೆಯಲ್ಲಿ ಎಲ್ಲರೂ ಸ್ನಾನಕ್ಕೆ ಏಳುವ ಹೊತ್ತನ್ನು ಬಿಟ್ಟು, ನಡುರಾತ್ರಿಯಲ್ಲಿ ಚಾರ್ಜು ಆಗುವಂತೆ ಗಂಟೆಯನ್ನು ಗೊತ್ತುಮಾಡಿರಿ.

ಕಡೆಯದಾಗಿ ತಾಯಂದಿರಿಗೂ ತಂದೆಯವರಿಗೂ ನಮ್ಮ ವಿನಂತಿಯೊಂದುಂಟು. ಮೀಟರು, ಮೈನ್ ಬೋರ್ಡು, ಫ್ಯೂಸು ಇವು ಗಂಡಸರ ವಿಷಯಗಳೆಂದು ಹೆಣ್ಣುಮಕ್ಕಳನ್ನು ದೂರವಿಡುವ ರೂಢಿಯು ಇನ್ನೂ ಕೆಲವು ಮನೆಗಳಲ್ಲಿ ಉಳಿದಿದೆ. ನಮ್ಮನ್ನು ತಡೆದ ಆ ಉಪಾಧ್ಯಾಯಿನಿಯವರು ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಓದಿದ ಹುಡುಗಿ. ಆಕೆಯು ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠವನ್ನು ಪರೀಕ್ಷೆಗಾಗಿ ಮಾತ್ರ ಕಲಿತಿದ್ದರೆ ಅಂದು ಸುಮ್ಮನಿರುತ್ತಿದ್ದಳು. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮ್ಯವನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕೇಳಿದ್ದೇವೆ. ಆ ಮನೆಯ ಆಧಾರವು ದಾರಿಹೋಕರ ಕಣ್ಣಿಗೆ ಬೀಳುವಂಥದ್ದಲ್ಲ. ಮಣ್ಣಿನೊಳಗೆ ಇಳಿದ ಆ ಪೈಪೂ ಹಾಗೆಯೇ. ಕಾರನ್ನು ಕೊಳ್ಳುವುದಕ್ಕೆ ಮುಂಚೆ ಈ ವಾರವೇ ನಿಮ್ಮ ಮನೆಯ ಅರ್ಥಿಂಗ್ ತಂತಿಯು ಎಲ್ಲಿ ನೆಲವನ್ನು ಸೇರುತ್ತದೆಂಬುದನ್ನು ಮಕ್ಕಳನ್ನು ಕರೆದುಕೊಂಡು ಹೋಗಿ ಹುಡುಕಿ ನೋಡಿರಿ. ಗಿಡಗಳು ಅಡ್ಡವಾಗಿದ್ದರೆ ಅವುಗಳನ್ನು ಸರಿಸಿ ನೋಡಿರಿ. ನಿಮ್ಮ ಮನೆಗಳನ್ನೂ ಅವುಗಳ ಅಂಗಳದಲ್ಲಿ ಬರಿಗಾಲಿನಿಂದ ಆಡುವ ಮಕ್ಕಳನ್ನೂ ದೇವರು ಕಾಪಾಡಲಿ.